ಎಣ್ಣೆ ಕುಡಿದ ಪಟ್ಟಾ

ಯಾರದೇ ಸೊಂಟದಲ್ಲಿ ಒಳ್ಳೆಯ ಚರ್ಮದ ಬೆಲ್ಟು ಕಂಡರೆ ನನ್ನ ತಲೆಯಲ್ಲಿ ಮೊದಲು ಏಳುವ ಪ್ರಶ್ನೆ, ‘ಇದು ಎಷ್ಟು ಮೈಲಿ ಬಾಳೀತು?’ ಎಂಬುದು. ಇದು ಸಭ್ಯರು ಕೇಳುವ ಪ್ರಶ್ನೆಯಲ್ಲ ಎಂದು ನನಗೂ ಗೊತ್ತು. ಹೋದ ತಿಂಗಳು ಶಹಾಬಾದದಲ್ಲಿ ಒಂದು ಮದುವೆ. ಮದುಮಗ ಸೂಟು ತೊಟ್ಟು, ಮೂರು ಬೆರಳಗಲದ ಬೆಲ್ಟು ಬಿಗಿದು ನಿಂತಿದ್ದ. ನಾನು ಅಕ್ಷತೆ ಹಿಡಿದು ಎತ್ತಿದ ಕೈ ಎತ್ತಿದಂತೆಯೇ ಇಟ್ಟುಕೊಂಡು, ಅವನ ಸೊಂಟವನ್ನು ನೋಡುತ್ತ, ಎರಡು ಪದರೋ ಮೂರು ಪದರೋ ಎಂದು ಅಂದಾಜು ಮಾಡುತ್ತಿದ್ದೆ. ವಾದ್ಯ ನಿಂತು, ಎಲ್ಲರ ಅಕ್ಷತೆ ಬಿದ್ದು, ಜನ ಊಟಕ್ಕೆ ಎದ್ದರೂ ನನ್ನದು ಮುಷ್ಟಿಯಲ್ಲೇ ಇತ್ತು. ಹುಡುಗಿಯ ಸೋದರಮಾವ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದ:

“ಏನರೀ ಮಾಸ್ತರ್ರ, ಹುಡುಗನ್ನ ಹಂಗ್ಯಾಕ ನೋಡ್ಲಿಕತ್ತೀರಿ? ಏನರ ಐಬು ಕಂಡ್ತೇನು?”

“ಛೇ ಛೇ, ಹುಡುಗ ಬಂಗಾರ. ಅವನ ಪಟ್ಟಾ ಚಿತ್ತಾಪುರದ ತನಕಾ ತಡದೀತು,” ಎಂದೆ.

ಆ ಮನುಷ್ಯ ಈಗಲೂ ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಾನೆ.

ಅವನಿಗೆ ನಿಲ್ಲಿಸಿ ಹೇಳಬೇಕಾಗಿದ್ದ ವಿವರಣೆಯನ್ನು ಈಗ ನಿಮಗೆ ಹೇಳುತ್ತಿದ್ದೇನೆ. ನೀವಾದರೂ ಕೂತಿದ್ದೀರಿ, ದಾಟಿ ಹೋಗುವಂತಿಲ್ಲ.

ಹೈದರಾಬಾದ್ ಸಂಸ್ಥಾನದಲ್ಲಿ ಪೊಲೀಸ್ ಆಕ್ಷನ್ ಆಗಿ ಮೂರೋ ನಾಲ್ಕೋ ವರ್ಷ ಕಳೆದಿದ್ದ ಕಾಲ. ನಾನು ಸೇಡಂನಲ್ಲಿ ಕನ್ನಡ ಮಾಸ್ತರ. ನನ್ನ ಹತ್ತಿರ ಒಂದು ಮೋಟಾರ್ ಸೈಕಲ್ ಇತ್ತು. ಹೀಗೆ ಬರೆಯುವಾಗ ಇಂದಿಗೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಶಹಾಬಾದದ ಕಲ್ಲಿನ ಗಣಿಯೊಂದರಲ್ಲಿ ಮುದುಕ ಪಾರ್ಸಿ ಇಂಜಿನಿಯರ್ ಒಬ್ಬರಿದ್ದರು. ಕೂಲಿಯವರನ್ನು ಬೈಯಲು ಬೇಕಾಗುವಷ್ಟು ಕನ್ನಡವನ್ನು ಅವರು ನನ್ನಿಂದ ಕಲಿತರು. ಕಲಿತ ಮೇಲೆ ಬೈಯಲು ಮನಸ್ಸು ಬರದೆ ನೌಕರಿ ಬಿಟ್ಟು ಮುಂಬಯಿಗೆ ಹೋದರು. ಹೋಗುವಾಗ ತಮ್ಮ ಯೌವನದ ಕಾಲದ ಈ ಗಾಡಿಯನ್ನು ನನಗೆ ಗುರುದಕ್ಷಿಣೆಯಾಗಿ ಬಿಟ್ಟುಹೋದರು. ನಾನು ಎಂಥ ಕೆಟ್ಟ ಗುರುವಾಗಿದ್ದೆ ಎಂಬುದು ಗಾಡಿಯನ್ನು ಮೊದಲ ಸಲ ಓಡಿಸಿದಾಗ ನನಗೆ ತಿಳಿಯಿತು.

ಅದಕ್ಕೆ ಕ್ಲಚ್ಚಿರಲಿಲ್ಲ, ಗೇರಿರಲಿಲ್ಲ. ಎಂಜಿನ್ ತಿರುಗಿದರೆ ಗಾಡಿ ಓಡಲೇಬೇಕು, ಗಾಡಿ ನಿಂತರೆ ಎಂಜಿನ್ನೂ ನಿಲ್ಲಲೇಬೇಕು. ಈಗಿನ ಗಾಡಿಗಳ ಹಾಗೆ ಸರಪಳಿಯೂ ಇಲ್ಲ. ಎಂಜಿನ್ನಿನ ಚಿಕ್ಕ ರಾಟೆಯಿಂದ ಹಿಂದಿನ ಚಕ್ರದ ದೊಡ್ಡ ರಾಟೆಗೆ ಒಂದು ಉದ್ದನೆಯ ತೊಗಲಿನ ಪಟ್ಟಾ. ನಾಲ್ಕು ಪದರು ಸೇರಿಸಿ ಹೊಲಿದು, ಕೆಳಗೆ ಚೂಪಾಗಿ ಕೆತ್ತಿದ್ದು. ಅದರ ಎರಡು ತುದಿಗಳನ್ನು ಕೂಡಿಸಲು ಹೆಬ್ಬೆರಳಿನಷ್ಟು ಒಂದು ಕಬ್ಬಿಣದ ಕೊಂಡಿ. ಈ ಕೊಂಡಿಯ ಮೇಲೆ ಎಂಜಿನ್ನಿಗೂ ಚಕ್ರಕ್ಕೂ ಇದ್ದ ದಾಂಪತ್ಯವೆಲ್ಲ ನಿಂತಿತ್ತು. ಚಳಿಗಾಲದಲ್ಲಿ ಪಟ್ಟಾ ಒಣಗಿ ಕಿರ್‍ರ್ ಕಿರ್‍ರ್ ಎನ್ನುತ್ತಿತ್ತು. ಅದು ಅದರ ಆರೋಗ್ಯದ ಲಕ್ಷಣ. ಒಣಗಿದ್ದರೇ ರಾಟೆಯನ್ನು ಗಟ್ಟಿಯಾಗಿ ಹಿಡಿಯುವುದು. ಇದು ನನಗೆ ಗೊತ್ತಿತ್ತು. ಮನೆಯವರಿಗೆ ಹೇಳಬೇಕು ಎಂದು ಹೊಳೆಯಲಿಲ್ಲ.

ನಮ್ಮ ಅವ್ವನಿಗೆ ಮಾತ್ರ ಈ ಗಾಡಿಯ ಮೇಲೆ ಒಂದು ಕರುಳು. ನೀರು ತುಂಬುವ ಹಬ್ಬದ ಮರುದಿನ, ನರಕ ಚತುರ್ದಶಿಯ ಬೆಳಗಿನ ಜಾವ, ಮನೆಯ ಗಂಡಸರನ್ನು ಮಣೆಯ ಮೇಲೆ ಸಾಲಾಗಿ ಕೂಡಿಸಿ ಎಣ್ಣೆ ಹಚ್ಚಿ ಆರತಿ ಎತ್ತುವುದು ನಮ್ಮ ಕಡೆಯ ಪದ್ಧತಿ. ಆ ವರ್ಷ ಅಪ್ಪ ಒಂದು ಮಣೆ, ನಾನೊಂದು ಮಣೆ, ಮೂರನೆಯ ಜಾಗದಲ್ಲಿ ಗಾಡಿ. ಅವ್ವ ಅದರ ದೀಪದ ನೆತ್ತಿಗೆ ಎರಡು ಬೆರಳು ಕುಸುಬಿ ಎಣ್ಣೆ ಇಟ್ಟು, ಕುಂಕುಮ ಹಚ್ಚಿ, ಆರತಿ ಬೆಳಗಿದಳು.

“ಹಗಲೆಲ್ಲಾ ನಿನ್ನ ಹೊತಗೊಂಡು ತಿರಗ್ತದ. ಅದಕ್ಕೂ ಮೈ ಕೈ ನೋಯಂಗಿಲ್ಲೇನು?” ಎಂದಳು.

ಅಪ್ಪ ಎಣ್ಣೆ ಇಳಿಯುವ ಹುಬ್ಬಿನ ಕೆಳಗಿನಿಂದ ಗಾಡಿಯನ್ನು ಒಮ್ಮೆ ನೋಡಿದರು. ಆ ನೋಟಕ್ಕೆ ಮುಂದೆ ಬರುತ್ತೇನೆ.

ಅಪ್ಪ ಕಚೇರಿಯಲ್ಲಿ ಮುನ್ಶಿ. ತಾಲೂಕಿನ ಇಪ್ಪತ್ತೆಂಟು ವರ್ಷಗಳ ಕಾಗದಗಳು ಅವರ ಕೈಯಿಂದ ಇಳಿದಿದ್ದವು, ಎಲ್ಲ ಉರ್ದುವಿನಲ್ಲಿ. ಅವರ ಅಕ್ಷರ ನೋಡಲೆಂದೇ ಗುಲಬರ್ಗಾದಿಂದ ಸಾಹೇಬರು ಬರುತ್ತಿದ್ದರಂತೆ. ಇದನ್ನು ಅಪ್ಪನೇ ಹೇಳಿದ್ದರಿಂದ ನಂಬದೆ ಗತ್ಯಂತರವಿರಲಿಲ್ಲ. ಮನೆಯಲ್ಲಿ ಮಾತು ಕನ್ನಡ, ಜಗಳ ಕನ್ನಡ, ದೇವರ ಮುಂದೆ ಹಾಡು ಕನ್ನಡ. ಬರೆಯುವುದು ಎಂದರೆ ಮಾತ್ರ ಅವರ ಬೆರಳಿಗೆ ಉರ್ದು ಬಿಟ್ಟು ಬೇರೊಂದು ಇದೆ ಎಂಬ ಸುದ್ದಿಯೇ ತಲುಪಿರಲಿಲ್ಲ. ಆ ಸುದ್ದಿ ಸರ್ಕಾರದಿಂದ ಬಂತು. ಇನ್ನು ಮುಂದೆ ಕಾಗದಪತ್ರ ಕನ್ನಡದಲ್ಲಿ. ಹಳೆಯ ಮುನ್ಶಿಗಳು ಕನ್ನಡದ ಪರೀಕ್ಷೆ ಕೊಡಬೇಕು. ಮೂರು ಸಲ ಅವಕಾಶ. ಮೂರರಲ್ಲೂ ಪಾಸಾಗದವರು ಮನೆಗೆ ಹೋಗಬೇಕು.

ಮೊದಲ ಪರೀಕ್ಷೆಗೆ ಅಪ್ಪ ಧೈರ್ಯವಾಗಿ ಹೋದರು, ತಕ್ಕಮಟ್ಟಿಗೆ ಬರೆದೂ ಬಂದರು. ಆದರೆ ಜೀವಮಾನದ ರೂಢಿಯಂತೆ ಉತ್ತರದ ಪುಸ್ತಕವನ್ನು ಹಿಂದಿನಿಂದ ತೆರೆದು, ಕೊನೆಯ ಪುಟದಲ್ಲಿ ಶುರು ಮಾಡಿ, ಮೂರು ಪುಟ ತುಂಬಿಸಿ ಕೊಟ್ಟಿದ್ದರು. ತಿದ್ದುವವರು ಮುಂದಿನಿಂದ ತೆರೆದರು. ಖಾಲಿ. ಇನ್ನೊಂದು ಪುಟ, ಖಾಲಿ. ಸೊನ್ನೆ ಹಾಕಿ ಮುಚ್ಚಿದರು. ಎರಡನೆಯ ಸಲ ಮುಂದಿನಿಂದಲೇ ಬರೆದರು; ಆದರೆ ಪ್ರತಿ ಸಾಲಿನಲ್ಲೂ ಕ್ರಿಯಾಪದ ಬಿಟ್ಟು ಮಿಕ್ಕದ್ದೆಲ್ಲ ಉರ್ದು. ಕನ್ನಡ ಲಿಪಿಯಲ್ಲಿ ಅಂಥ ಶುದ್ಧ ಉರ್ದುವನ್ನು ತಾವು ಕಂಡಿಲ್ಲ ಎಂದು ಷರಾ ಬಂತು. ಅದನ್ನು ಹೊಗಳಿಕೆ ಎಂದು ತಿಳಿದು ಅಪ್ಪ ಎರಡು ದಿನ ಸಂತೋಷವಾಗಿದ್ದರು.

ಉಳಿದದ್ದು ಮೂರನೆಯದು. ಅಪ್ಪನ ನೌಕರಿಗೆ ಇನ್ನೂ ಏಳು ವರ್ಷವಿತ್ತು. ಅದಕ್ಕಿಂತ ಹೆಚ್ಚಾಗಿ, ಬೆಳಗ್ಗೆ ಹತ್ತಕ್ಕೆ ಶೇರವಾನಿ ತೊಟ್ಟು ಕಚೇರಿಗೆ ಹೋಗದೆ ಇರುವ ಅಪ್ಪನನ್ನು ಮನೆಯಲ್ಲಿ ಯಾವ ಮೂಲೆಯಲ್ಲಿ ಇಡಬೇಕು ಎಂಬುದು ನಮಗೆ ಯಾರಿಗೂ ತಿಳಿಯದು. ದಿನಾ ಸಂಜೆ ಪಾಟಿ, ಅಂದರೆ ಸ್ಲೇಟು, ಹಿಡಿದು ನನ್ನ ಮುಂದೆ ಕೂಡುತ್ತಿದ್ದರು. ನಾನು ಅಕ್ಷರ ತಿದ್ದುತ್ತಿದ್ದೆ. ತಂದೆಯ ಕಿವಿ ಹಿಂಡುವ ಅಧಿಕಾರ ಯಾವ ಮಾಸ್ತರನಿಗೂ ಇಲ್ಲವಾದ್ದರಿಂದ ನನ್ನ ಕಿವಿಯನ್ನೇ ಹಿಡಿದುಕೊಂಡು ಕಲಿಸಿದೆ.

ಮೂರನೆಯ ಪರೀಕ್ಷೆ ದೀಪಾವಳಿಯ ಮುಂದಿನ ವಾರ, ಚಿತ್ತಾಪುರದಲ್ಲಿ, ಬೆಳಗ್ಗೆ ಹನ್ನೊಂದಕ್ಕೆ.

“ರೈಲಿಗೆ ಹೋಗೋಣೋ,” ಎಂದರು ಅಪ್ಪ. “ವಾಡಿ ಕಡೆ ಹೋಗೂ ಪ್ಯಾಸೆಂಜರ್ ಅದ. ಆರಾಮ ಕುಂತು ಹೋಗಬಹುದು.”

“ಅಪ್ಪಾ, ಆ ರೈಲಿಗೆ ಮನಸ್ಸು ಬಂದ್ರ ನಡೀತದ, ಇಲ್ಲಂದ್ರ ತಾಸುಗಟ್ಲೆ ನಿಂತುಬಿಡ್ತದ. ಗಾಡಿ ಮ್ಯಾಲ ಒಂದೂವರೆ ತಾಸಿನ್ಯಾಗ ಒಯ್ದು ಇಳಸ್ತೀನಿ.”

“ಇಳಸ್ತೀಯೋ, ಕೆಡವ್ತೀಯೋ?”

ನಾನು ಹಠ ಹಿಡಿದೆ. ತಂದೆಯನ್ನು ಸ್ವಂತ ಗಾಡಿಯ ಮೇಲೆ ಪರೀಕ್ಷೆಗೆ ಕರೆದೊಯ್ಯುವ ಮಗ ಇಡೀ ಜಿಲ್ಲೆಯಲ್ಲಿ ಯಾರಿದ್ದಾರೆ? ಈ ವಾಕ್ಯವನ್ನು ನಾಲ್ಕು ದಿನ ಮೊದಲೇ ಊರೆಲ್ಲ ಹೇಳಿಕೊಂಡು ಬಂದಿದ್ದೆ. ಹಿಂದೆ ಸರಿಯುವ ದಾರಿಯನ್ನು ನನಗೆ ನಾನೇ ಮುಚ್ಚಿಕೊಂಡಿದ್ದೆ.

ಹೊರಡುವ ದಿನ ಅಪ್ಪ ಒಳಗಿನಿಂದ ಬಂದಾಗ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಶೇರವಾನಿಯ ಮೇಲೆ ಬಗ್ಲೂಸ್ ಬಿಗಿದಿದ್ದರು! ಬಗ್ಲೂಸ್ ಎಂದರೆ ನಿಜಾಮರ ಕಾಲದಲ್ಲಿ ದೊಡ್ಡವರ ಎದುರಿಗೆ ಹೋಗುವಾಗ ಕಟ್ಟಲೇಬೇಕಾಗಿದ್ದ ದರ್ಬಾರಿ ಸೊಂಟಪಟ್ಟಿ. ಮೇಲೆ ಜರಿ, ಕೆಳಗೆ ಗಟ್ಟಿ ತೊಗಲು, ಮುಂದೆ ಅಂಗೈಯಗಲದ ಹಿತ್ತಾಳೆಯ ಬಕ್ಕಲ್. ಅಪ್ಪ ಅದನ್ನು ಹೈದರಾಬಾದಿನಲ್ಲಿ ಹೊಲಿಸಿ ತಂದಿದ್ದರು. ಸುಬೇದಾರ ಸಾಹೇಬರು ಬಂದಾಗ ಒಮ್ಮೆ, ನನ್ನ ಮುಂಜಿಯಲ್ಲಿ ಒಮ್ಮೆ ಕಟ್ಟಿದ್ದು ಬಿಟ್ಟರೆ ಅದು ಕರ್ಪೂರದ ಜೊತೆ ಟ್ರಂಕಿನಲ್ಲೇ ಬಾಳುತ್ತಿತ್ತು. ಈಗ ನಿಜಾಮರ ಸರ್ಕಾರವೂ ಇಲ್ಲ, ದರ್ಬಾರೂ ಇಲ್ಲ. ಅದನ್ನು ಕಟ್ಟಿ ಬೀದಿಗೆ ಹೋದರೆ ಜನ ಏನೆಂದಾರು?

“ಅಪ್ಪಾ, ಇದನ್ನ ಈಗ ಯಾರೂ ಕಟ್ಟಂಗಿಲ್ಲ.”

“ಸರ್ಕಾರ ಬ್ಯಾರೆ ಆಗಿರಬಹುದು. ಪರೀಕ್ಷಾ ತೊಗೊಳ್ಳಾವ ಸಾಹೇಬನ ಅಲ್ಲೇನು? ಸಾಹೇಬನ ಮುಂದ ಬರೇ ನಡದಾಗ ಹೋಗಿ ನಿಂದರ್ಲೇನು?”

ಅವ್ವ ಅಂಗೈಗೆ ಮೊಸರು ಸಕ್ಕರೆ ಹಾಕಿದಳು, ಗಾಡಿಗೆ ಕುಂಕುಮ ಇಟ್ಟಳು. ಓಣಿಯ ಇಬ್ಬರು ನೂಕಿದರು. ಹಿಂದಿನ ಕ್ಯಾರಿಯರ್ ಮೇಲೆ ಮಡಚಿದ ಗೋಣಿಚೀಲ, ಅದರ ಮೇಲೆ ಅಪ್ಪ, ಅವರ ಕಂಕುಳಲ್ಲಿ ದಾರಿಯಲ್ಲಿ ಓದಲೆಂದು ಪಾಟಿ, ನನ್ನ ಜೇಬಿನಲ್ಲಿ ಮಾಸ್ತರಿಕೆಯ ಐದಾರು ಸೀಮೆಸುಣ್ಣದ ಕಡ್ಡಿ. ಗಾಡಿ ನಾಲ್ಕು ಸಲ ಕೆಮ್ಮಿ ಹೊರಟಿತು. ಶಾಲೆಗೆ ರಜೆಯಿದ್ದದ್ದರಿಂದ ಹಬ್ಬದ ನಂತರ ಅದನ್ನು ಹೊರಗೆ ತೆಗೆದದ್ದು ಅವತ್ತೇ. ಒಂದು ಮಾತು ನನಗೆ ಆಗಲೇ ವಿಚಿತ್ರವೆನಿಸಿತ್ತು: ಪಟ್ಟಾ ಕಿರ್‍ರ್ ಎನ್ನಲಿಲ್ಲ. ಅಪ್ಪನ ಭಾರಕ್ಕೆ ಸುಮ್ಮನಾಗಿದೆ ಎಂದುಕೊಂಡೆ.

ಮಳಖೇಡದ ಹತ್ತಿರದ ತನಕ ಸುಖವಾಗಿ ಹೋದೆವು. ಅಪ್ಪ ನನ್ನ ಬೆನ್ನಿಗೆ ಪಾಟಿ ಆನಿಸಿಕೊಂಡು ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಅಲ್ಲಿ ಒಂದು ಸಣ್ಣ ಏರು. ಏರಿನ ನಡುವೆ ಎಂಜಿನ್ ಗರ್ಜಿಸತೊಡಗಿತು, ಗಾಡಿ ನಿಧಾನವಾಯಿತು. ಇನ್ನೂ ಹಿಡಿಕೆ ತಿರುವಿದೆ. ಎಂಜಿನ್ ಇನ್ನಷ್ಟು ಗರ್ಜಿಸಿತು, ಗಾಡಿ ನಿಂತೇಬಿಟ್ಟಿತು. ನಾನು ದಿಗ್ಭ್ರಮೆಗೊಂಡೆ. ಗಾಡಿ ನಿಂತರೆ ಎಂಜಿನ್ ನಿಲ್ಲಬೇಕು. ಇದು ನಾನು ಸೂರ್ಯೋದಯದಷ್ಟೇ ನಂಬಿದ್ದ ಸಂಗತಿ. ಪಕ್ಕದಲ್ಲಿ ಜೋಳದ ಸೊಪ್ಪೆ ಹೇರಿದ ಎತ್ತಿನ ಬಂಡಿಯೊಂದು ನಮ್ಮನ್ನು ದಾಟಿ ಹೋಯಿತು. ಬಂಡಿಯವನು ತಲೆ ತಿರುಗಿಸಿ ಹೇಳಿದ:

“ಸಾಹೇಬ್ರ, ಗಾಡಿ ಬರೇ ಬೈಯಾಕತ್ಯಾದ, ನಡ್ಯಾಕತ್ತಿಲ್ಲಲ್ರೀ!”

ನಾನು ಮರ್ಯಾದೆಗೆ ಅಂಜಿ ಹಿಡಿಕೆಯನ್ನು ಪೂರ್ತಿ ತಿರುವಿದೆ. ಟಪ್ ಎಂದಿತು. ಏನೋ ಕಪ್ಪಗೆ, ಉದ್ದಕ್ಕೆ, ಮಿರಮಿರ ಮಿಂಚುತ್ತ ಅಪ್ಪನ ಕಾಲ ಸಂದಿಯಿಂದ ಹಾರಿ ರಸ್ತೆಯ ಮೇಲೆ ಬಿದ್ದು ಹೊರಳಿತು.

“ಹಾವೋ!” ಎಂದು ಅಪ್ಪ ಪಾಟಿಯ ಸಮೇತ ಕೆಳಗೆ ಹಾರಿದರು. ಬಗ್ಲೂಸ್ ಕಟ್ಟಿದ ಮನುಷ್ಯ ಅಷ್ಟು ಎತ್ತರ ಹಾರಿದ್ದನ್ನು ನಿಜಾಮರ ಕಾಲದಲ್ಲೂ ಯಾರೂ ಕಂಡಿರಲಾರರು.

ಅದು ಪಟ್ಟಾ. ಕೊಂಡಿ ಕಿತ್ತುಕೊಂಡು ಹೋಗಿತ್ತು. ಹೋಗುವಾಗ ಒಂದು ಗೇಣು ತೊಗಲನ್ನು ಚಿಂದಿ ಮಾಡಿ ಹೋಗಿತ್ತು. ನಾನು ಎರಡು ತುದಿಗಳನ್ನು ಎಳೆದು ನೋಡಿದೆ. ಸೇರಲಿಲ್ಲ. ಕೈಗೆ ಜಿಡ್ಡು ಮೆತ್ತಿತು. ಆಗಲೇ ದೂರದ ಹಳಿಯ ಮೇಲೆ ವಾಡಿಯ ಪ್ಯಾಸೆಂಜರ್ ಬಂತು. ಎಂದೂ ಹೊತ್ತಿಗೆ ಸರಿಯಾಗಿ ಬಾರದ ರೈಲು ಅವತ್ತು ಗಡಿಯಾರ ನುಂಗಿದಂತೆ ಬಂತು. ಅಪ್ಪ ಅದನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಬೈದಿದ್ದರೆ ಎಷ್ಟೋ ಸುಖವಿತ್ತು. “ಕೊಂಡಿ ಹುಡುಕೋಣು,” ಎಂದಷ್ಟೇ ಹೇಳಿ ಶೇರವಾನಿಯ ತುದಿ ಎತ್ತಿ ಕಟ್ಟಿ ಕಂಟಿಗಳಲ್ಲಿ ಬಗ್ಗಿದರು. ಅವರೇ ಹುಡುಕಿಯೂ ಕೊಟ್ಟರು.

ಬಂಡಿಯವನು ಅಷ್ಟು ದೂರದಿಂದಲೇ ಚಾಟಿ ಎತ್ತಿ ಊರ ಅಂಚಿನ ಬೇವಿನ ಮರ ತೋರಿಸಿದ. ಅದರ ಕೆಳಗೆ ಸಾಯಬಣ್ಣ ಕೂತಿದ್ದ, ಚಪ್ಪಲಿ ಹೊಲಿಯುವವನು, ಅಪ್ಪನ ವಾರಿಗೆಯವನು. ಗಾಡಿ ನೂಕಿಕೊಂಡು ಹೋಗಿ ಪಟ್ಟಾ ಅವನ ಮುಂದೆ ಹಾಕಿದೆ. ಅವನು ಅದನ್ನು ಎತ್ತಿ, ಮೂಸಿ, ಎರಡು ಬೆರಳಲ್ಲಿ ಹಿಂಡಿದ. ಹನಿ ಉದುರಿತು.

“ಇದು ಪಟ್ಟಾ ಅಲ್ರೀ ಮಾಸ್ತರ್ರ, ಎಣಗಾಯಿ ಪಲ್ಯಾ! ಕುಸುಬಿ ಎಣ್ಣಿ ಕುಡುದು ಕುಡುದು ಮೆತ್ತಗ ಆಗ್ಯಾದ. ಇಂಥಾದ್ರಾಗ ಕೊಂಡಿ ಹ್ಯಾಂಗ ನಿಂದರ್ತದ್ರಿ? ಯಾರ್ರೀ ಇಷ್ಟ ಪ್ರೀತಿ ಮಾಡಿದವ್ರು?”

ನನಗೆ ತಟ್ಟನೆ ಮಣೆಯ ಸಾಲು ಕಣ್ಮುಂದೆ ಬಂತು. “ನಮ್ಮವ್ವ! ಆಕಿದ ಕೆಲಸ. ದೀಪಕ್ಕ ಎರಡ ಬಟ್ಟು ಹಚ್ಚಿ ಸಮಾಧಾನ ಆಗಿಲ್ಲ, ಪಟ್ಟಾಕ್ಕೂ ಅಭ್ಯಂಗನ ಮಾಡ್ಯಾಳ. ಅಪ್ಪಾ, ನೋಡ್ರಿ, ನೀವರ ಆಕಿಗೆ ಒಂದು ಮಾತು ಹೇಳಬಾರದಿತ್ತೇನು? ಹೆಂಗಸರಿಗೆ ಯಂತ್ರ ಅಂದ್ರ ಏನು ತಿಳೀತದ?” ಇನ್ನೂ ಬಹಳ ಹೇಳಿದೆ. ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಆ ದಿನ ಸಂಜೆಯ ಹೊತ್ತಿಗೆ ಅದರ ಒಂದೊಂದು ಮಾತೂ ನನಗೇ ತಿರುಗಿ ಬಂದಿತ್ತು.

ಅಪ್ಪ ಬೇವಿನ ಮರದ ತುದಿ ನೋಡುತ್ತ ನಿಂತಿದ್ದರು.

“ಒಂದು ಗೇಣು ಕೂಡಸಬೇಕ್ರಿ,” ಎಂದ ಸಾಯಬಣ್ಣ. “ಒಣ ತೊಗಲು ಬೇಕು, ದಪ್ಪಂದು, ಪಳಗಿದ್ದು. ನನ್ ಬಲ್ಲಿ ಇದ್ದದ್ದು ಇದು ತೆಳ್ಳಂದು, ಚಪ್ಪಲಿ ಅಟ್ಟಿಗಿ. ಅಗೋ, ಆ ಕಲ್ಲಿನ ದೋಣ್ಯಾಗ ಎಮ್ಮಿ ತೊಗಲು ನೆನಿಯಾಕತ್ಯಾದ. ಹಸೀದು ಹಾಕಿದ್ರ ಚಿತ್ತಾಪುರ ಮುಟ್ಟೂದ್ರಾಗ ಮೊಳಾ ಉದ್ದ ಆಗ್ತದ. ನಾಳಿ ಬರ್ರಿ, ಚಲೋದು ತರಸ್ತೀನಿ.”

“ನಾಳಿ?” ಎಂದೆ. ಹನ್ನೊಂದಕ್ಕೆ ಇನ್ನು ಎರಡು ತಾಸೂ ಇರಲಿಲ್ಲ. “ಇವತ್ತ ಹೋಗಲಿಲ್ಲಂದ್ರ ಇವರ ನೌಕರಿ ಹೋಗ್ತದಪಾ!”

ಸಾಯಬಣ್ಣ ಅಪ್ಪನ ಕಡೆ ನೋಡಿದ. ನೋಡಿದ್ದು ಮುಖವನ್ನಲ್ಲ, ಸೊಂಟವನ್ನು. ಕಸಬುದಾರನ ಕಣ್ಣು, ಒಂದು ಗಳಿಗೆ ಅಲ್ಲಿ ನಿಂತು, ತಪ್ಪು ಮಾಡಿದಂತೆ ಕೆಳಗೆ ಸರಿಯಿತು.

ಅಪ್ಪ ಆ ನೋಟ ಕಂಡಿದ್ದರು. ಎರಡೂ ಕೈ ಬಕ್ಕಲ್ಲಿನ ಮೇಲೆ ಹೋದವು. ಟಕ್ ಎಂದು ಬಿಚ್ಚಿದರು. ಎಂಥ ದೊಡ್ಡ ಶಬ್ದ ಅದು! ಬಿಚ್ಚಿ, ಒಮ್ಮೆ ಅಂಗೈಯಿಂದ ಜರಿ ಸವರಿ, ಸಾಯಬಣ್ಣನಿಗೆ ಕೈಯಿಂದ ಕೈಗೆ ಕೊಟ್ಟರು. ಆ ದಿನಗಳಲ್ಲಿ ನಮ್ಮವರು ಅವನಂಥವರಿಗೆ ಯಾವ ವಸ್ತುವನ್ನಾದರೂ ನೆಲದ ಮೇಲೆ ಇಟ್ಟು ಸರಿಯುತ್ತಿದ್ದರು. ಎರಡು ಆಘಾತಗಳು ಒಂದೇ ಗಳಿಗೆಯಲ್ಲಿ ಬಂದು ನನಗೆ ಯಾವುದಕ್ಕೆ ಮೊದಲು ಬೆರಗಾಗಬೇಕು ಎಂಬುದೇ ತಿಳಿಯದೆ ಬಾಯಿ ತೆರೆದುಕೊಂಡು ನಿಂತೆ. ಸಾಯಬಣ್ಣನಿಗೂ ಅದೇ ಗತಿಯಾಗಿರಬೇಕು. ಬಗ್ಲೂಸನ್ನು ಎಳೆಗೂಸಿನಂತೆ ಎರಡೂ ಕೈಯಲ್ಲಿ ಹಿಡಿದಿದ್ದ.

“ಇದು ದರ್ಬಾರದ್ದರೀ ಸಾಹೇಬ್ರ. ಇದರ ಮ್ಯಾಲ ರಂಪಿ ಇಡಾಕ ನನ್ ಕೈ ಬರಂಗಿಲ್ಲ.” ರಂಪಿ ಎಂದರೆ ತೊಗಲು ಕೊಯ್ಯುವ ಅಗಲ ಬಾಯಿಯ ಕತ್ತಿ.

“ದರ್ಬಾರ ಎಲ್ಲದನೋ ಈಗ? ತೊಗಲು ಚಲೋ ಅದ ಇಲ್ಲೋ, ಅದನ್ನ ಹೇಳು.”

ಸಾಯಬಣ್ಣ ಮಡಚಿ, ಬಗ್ಗಿಸಿ ನೋಡಿದ. “ಭಾಳ ಚಲೋ ಅದರಿ. ಇಂಥಾ ತೊಗಲು ಈಗ ಸಿಗಂಗಿಲ್ಲ.”

“ಹಂಗಾರ ಕೊಯ್ಯಿ.”

ಅವನು ಕಣ್ಣು ಮುಚ್ಚಿ ಮೊದಲ ಕೊಯ್ತ ಹಾಕಿದ. ಆಮೇಲೆ ಕೈ ತಾನೇ ಓಡಿತು. ಬಗ್ಲೂಸನ್ನು ಮೂರು ಪದರು ಮಾಡಿ, ಮೇಣ ತಿಕ್ಕಿದ ದಾರವನ್ನು ದಬ್ಬಳದಲ್ಲಿ ಏರಿಸಿ, ಹಳೆಯ ಪಟ್ಟಾದ ಗಟ್ಟಿ ಉಳಿದ ಭಾಗಕ್ಕೆ ಹೊಲಿಯತೊಡಗಿದ. ಉಳಿದ ಉದ್ದದ ಎಣ್ಣೆ ತೆಗೆಯುವುದು ಹೇಗೆ? ಒಲೆಯ ಬೂದಿ ತಂದು ತಿಕ್ಕಿದೆವು. ಸಾಲಲಿಲ್ಲ.

“ನಿನ್ನ ಬಕ್ಕಣದಾಗಿನ ಖಡು ಕೊಡು,” ಎಂದರು ಅಪ್ಪ. ನನ್ನ ಸೀಮೆಸುಣ್ಣದ ಕಡ್ಡಿಗಳನ್ನೆಲ್ಲ ಕಲ್ಲಿನ ಮೇಲೆ ಜಜ್ಜಿ ಪುಡಿ ಮಾಡಿ, ಶೇರವಾನಿಯ ತೋಳು ಮೇಲೇರಿಸಿ ಪಟ್ಟಾಕ್ಕೆ ಬಳಿಯತೊಡಗಿದರು. ಹಿಂದೆಂದೂ ಯಾವ ಕೆಲಸವನ್ನೂ ಅವರು ಅಷ್ಟು ಶ್ರದ್ಧೆಯಿಂದ ಮಾಡಿದ್ದನ್ನು ನಾನು ನೋಡಿರಲಿಲ್ಲ. ಪಟ್ಟಾ ಬೆಳ್ಳಗಾಯಿತು, ಅಪ್ಪನೂ ಬೆಳ್ಳಗಾದರು. ಬರೆಯಲು ಒಂದು ಚೂರೂ ಉಳಿಯಲಿಲ್ಲ. ಮಿಕ್ಕ ಹೊತ್ತನ್ನು ಸಾಯಬಣ್ಣನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಬೆರಳಿನಿಂದ ಮಣ್ಣಿನಲ್ಲಿ ಬರೆಯುತ್ತ, ಅಳಿಸುತ್ತ, ಮತ್ತೆ ಬರೆಯುತ್ತ ಕಳೆದರು. ಏನು ಬರೆಯುತ್ತಿದ್ದಾರೆ ಎಂದು ನಾನು ಬಗ್ಗಿದರೆ ಅಂಗೈ ಅಡ್ಡ ಇಡುತ್ತಿದ್ದರು.

ಕೊಂಡಿ ಕೂತಿತು. ಹೊರಡುವಾಗ ಸಾಯಬಣ್ಣ ಉಳಿದ ಬಕ್ಕಲ್ಲನ್ನು ಒರೆಸಿ ಮುಂದೆ ಹಿಡಿದ.

“ನೀನ ಇಟ್ಕೊ,” ಎಂದರು ಅಪ್ಪ.

“ನಾ ಏನ್ ಮಾಡ್ಲಿರಿ ಇದನ? ಎಮ್ಮಿ ಕೊಳ್ಳಿಗಿ ಕಟ್ಲೇನು?”

“ಕಟ್ಟು. ಎಮ್ಮೀದರ ದರ್ಬಾರ ನಡೀಲಿ.”

ಸಾಯಬಣ್ಣ ಬಾಯಿ ತುಂಬ ನಕ್ಕ. ಆಮೇಲೆ ಅಪ್ಪನ ಖಾಲಿ ಸೊಂಟ ನೋಡಿ ನಗು ನಿಲ್ಲಿಸಿ, ತನ್ನ ಹತ್ತಿರವಿದ್ದ ಸುತಳಿಯ ಒಂದು ತುಂಡು ಕತ್ತರಿಸಿ ಕೊಟ್ಟ. “ಗಾಳಿಗಿ ಅಂಗಿ ಹಾರ್ತದ್ರಿ,” ಎಂದ. ಅಪ್ಪ ಅದನ್ನು ಶೇರವಾನಿಯ ಮೇಲೆ ಬಿಗಿಯಾಗಿ ಕಟ್ಟಿ, ಮುಂದೆ ಒಂದು ಗಂಟು ಹಾಕಿಕೊಂಡರು.

ಚಿತ್ತಾಪುರ ಮುಟ್ಟಿದಾಗ ಹನ್ನೆರಡಕ್ಕೆ ಹತ್ತು ನಿಮಿಷ. ಬಾಗಿಲಲ್ಲಿ ಪರೀಕ್ಷೆಯ ಸಾಹೇಬರು ನಿಂತಿದ್ದರು. ಧಾರವಾಡದ ಕಡೆಯಿಂದ ಬಂದವರು, ದಪ್ಪ ಕನ್ನಡಕ.

“ಅರ್ಧಾ ತಾಸಿಗಿಂತ ಹೆಚ್ಚು ತಡಾ ಆದವರನ್ನ ಕೂಡಿಸಿಕೊಳ್ಳಾಕ ನೇಮಿಲ್ಲರೀ. ಹೋಗಿಬರ್ರಿ.”

ಹೋಗಿಬರಲು ಇನ್ನೊಂದು ಸಲವೇ ಇರಲಿಲ್ಲ. ನಾನು ಕೈ ಮುಗಿದೆ, ಏನೇನೋ ಹೇಳಿದೆ. ಅವರು ನನ್ನ ಮಾತು ಕೇಳದೆ, ತಲೆಯಿಂದ ಕಾಲಿನ ತನಕ ಸುಣ್ಣ ಬಳಿದುಕೊಂಡಿದ್ದ ಅಪ್ಪನನ್ನು ನೋಡುತ್ತಿದ್ದರು.

“ಇದೇನರೀ ನಡಕ್ಕ?”

“ಸುತಳಿ, ಸಾಹೇಬ್ರ.”

“ಅದು ಕಾಣ್ತದ. ಯಾಕ?”

ಅಪ್ಪ ಸುತಳಿಯ ಗಂಟನ್ನು ಇನ್ನಷ್ಟು ಬಿಗಿ ಮಾಡಿಕೊಂಡರು. ಸಾಹೇಬರು ಒಂದು ಹಾಳೆ ತರಿಸಿ ಮೇಜಿನ ಮೇಲೆ ಇಟ್ಟರು. “ತಡಾ ಯಾಕಾತು, ಬರದು ಕೊಡ್ರಿ. ಕಾರಣ ಖರೇ ಅನಿಸಿದ್ರ ಒಳಗ ಕೂಡಸ್ತೀನಿ. ಕನ್ನಡದಾಗ ಬರೀಬೇಕು. ನೀವು ಹೊರಗ ನಿಂದರ್ರಿ ಮಾಸ್ತರ, ಹೇಳಿಕೊಡಂಗಿಲ್ಲ.”

ಕಿಟಕಿಯಿಂದ ನೋಡುತ್ತಿದ್ದೆ. ಅಪ್ಪನ ಲೇಖನಿ ಹಾಳೆಯ ಬಲ ತುದಿಗೆ ಹೋಯಿತು. ಅಲ್ಲೇ ಒಂದು ಗಳಿಗೆ ನಿಂತಿತು. ಆಮೇಲೆ ನಿಧಾನವಾಗಿ, ಹಾಳೆಯನ್ನು ಮುಟ್ಟದೆ, ಎಡಕ್ಕೆ ಹೊರಟಿತು. ಸೇಡಂನಿಂದ ಚಿತ್ತಾಪುರಕ್ಕೆ ಬಂದದ್ದು ಅದರ ಮುಂದೆ ಏನೇನೂ ದೂರವಲ್ಲ.

ಕಾಲು ತಾಸಾಯಿತು. ಸಾಹೇಬರು ಓದಿದರು. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು. “ಇದಕ್ಕ ಸಾಕ್ಷಿ ಬೇಕು. ಮಾಸ್ತರ, ಬರ್ರಿ, ಓದಿ ಸಹಿ ಹಾಕ್ರಿ.”

ಓದಿದೆ. ಅಪ್ಪ ಬರೆದದ್ದು ಇಷ್ಟು:

‘ತಡವಾದ ಕಾರಣ. ದಾರಿಯಲ್ಲಿ ಗಾಡಿಯ ಪಟ್ಟಾ ಹರಿಯಿತು. ಪಟ್ಟಾಕ್ಕೆ ಎಣ್ಣೆ ಹಚ್ಚಿದವನು ನಾನು. ಹಬ್ಬದಿಂದ ಇಲ್ಲಿಯ ತನಕ ದಿನಾ ಬೆಳಗ್ಗೆ ಯಾರೂ ಏಳುವ ಮೊದಲು ಹಚ್ಚಿದೆ. ಅದು ಕಿರುಗುಟ್ಟುತ್ತಿತ್ತು. ನನ್ನನ್ನು ಹೊತ್ತು ಅದಕ್ಕೆ ನೋವಾಗಬಾರದು, ದಾರಿಯಲ್ಲಿ ಮಗನಿಗೆ ನಾಚಿಕೆ ಆಗಬಾರದು ಎಂದು ಹಚ್ಚಿದೆ. ಮಗನದು ತಪ್ಪಿಲ್ಲ. ಅವನ ತಾಯಿಯದು ಮೊದಲೇ ತಪ್ಪಿಲ್ಲ. ನನ್ನ ಸೊಂಟದ ಪಟ್ಟಿ ಕೊಯ್ದು ಹೊಲಿಸಿ ಬಂದಿದ್ದೇನೆ. ಆದ್ದರಿಂದ ಸುತಳಿ.’

ಹಬ್ಬದ ಬೆಳಗ್ಗೆ ಗಾಡಿಯ ಮೇಲೆ ಬಿದ್ದ ಆ ನೋಟದ ಅರ್ಥ ಈಗ ತಿಳಿಯಿತು. ಮಣ್ಣಿನಲ್ಲಿ ಬರೆದು ಅಳಿಸುತ್ತಿದ್ದದ್ದು ಇದನ್ನೇ. ಸಾಹೇಬರು ಕೇಳುವ ಮೊದಲೇ, ನನ್ನ ಮುಂದೆ ಬಾಯಿಂದ ಹೇಳಲು ಆಗದೆ, ಬರೆದು ನೋಡುತ್ತಿದ್ದರು. ಅಕ್ಷರಗಳು ಸ್ವಲ್ಪ ಹಿಂದಕ್ಕೆ ವಾಲಿದ್ದವು. ಒಂದು ಉರ್ದು ಪದವೂ ಇರಲಿಲ್ಲ. ‘ಪಟ್ಟಾ’ ಒಂದನ್ನು ನಾನು ಎಣಿಸಲಿಲ್ಲ. ಸಹಿ ಮಾಡಲು ಹೋದರೆ ಕನ್ನಡ ಮಾಸ್ತರನ ಹೆಸರೇ ಸೊಟ್ಟಗಾಯಿತು.

“ಒಳಗ ಹೋಗ್ರಿ ಮುನ್ಶಿಯವರ,” ಎಂದರು ಸಾಹೇಬರು. “ಮೊದಲಿನ ಪುಟದಿಂದ ಬರೀರಿ.”

ಪಾಸಾದರು ಎಂದು ತಿಳಿದದ್ದು ಮುಂದಿನ ತಿಂಗಳು. ಆಮೇಲೆ ಚಿಂಚೋಳಿಗೆ ವರ್ಗವಾಗಿ, ಸಂಸ್ಥಾನವೇ ಮುಗಿದು ನಾವು ಮೈಸೂರಿಗೆ ಸೇರುವ ತನಕ ಅಲ್ಲಿ ಕನ್ನಡದ ಕಾಗದ ಬರೆದರು. ಆದರೆ ಆ ದಿನ ಸಂಜೆ ಮನೆಗೆ ಬಂದಾಗ ನಮಗೆ ಇದೊಂದೂ ಗೊತ್ತಿರಲಿಲ್ಲ. ಅವ್ವ ಕಟ್ಟೆಯ ಮೇಲೆ ನಿಂತಿದ್ದಳು.

“ಪರೀಕ್ಷಾ ಹೆಂಗಾತು?”

“ಬರದು ಬಂದೀನಿ.”

ಅವಳ ಕಣ್ಣು ಸುತಳಿಯ ಮೇಲೆ ಬಿತ್ತು. “ಬಗ್ಲೂಸ್ ಎಲ್ಲಿ?”

ಅಪ್ಪ ಗಾಡಿಯ ಕಡೆ ಕೈ ತೋರಿಸಿದರು. “ಅದು ಉಟ್ಕೊಂಡದ.”

ಅವ್ವ ಬಗ್ಗಿ ನೋಡಿದಳು. ರಾಟೆಯ ಮೇಲೆ, ಸುಣ್ಣದ ಪುಡಿಯ ನಡುವೆ, ಜರಿಯ ಎಳೆಗಳು ಮಿಣುಕುತ್ತಿದ್ದವು. ಈಗ ಕೂಗಾಡುತ್ತಾಳೆ ಎಂದು ನಾನು ಭುಜ ಕುಗ್ಗಿಸಿದೆ. ಅವಳು ಒಂದು ಬೆರಳಿನಿಂದ ಪಟ್ಟಾ ಮುಟ್ಟಿ, ಬೆರಳನ್ನು ಮೂಸಿ, ನಿಧಾನವಾಗಿ ಸೊಂಟ ನೆಟ್ಟಗೆ ಮಾಡಿದಳು.

“ಹಬ್ಬದಿಂದ ಎಣ್ಣಿ ಡಬ್ಬಿ ಹಗುರ ಆಗ್ಲಿಕತ್ತದ. ನಾ ಇಲಿ ಕುಡೀಲಿಕತ್ತದ ಅಂತ ತಿಳದಿದ್ದೆ,” ಎಂದು ನಮ್ಮಿಬ್ಬರ ಮುಖವನ್ನೂ ಒಂದಾದ ಮೇಲೊಂದು ನೋಡಿದಳು.

ಬೇವಿನ ಮರದ ಕೆಳಗೆ ನಾನು ಅವಳನ್ನು ಅಂದದ್ದೆಲ್ಲ ನೆನಪಾಯಿತು. ಅಪ್ಪ ಬರೆದದ್ದನ್ನು ನಾನು ಆಡಿ ತೋರಿಸಬೇಕೇ?

“ಇಲಿನ ಅವ್ವಾ,” ಎಂದೆ.

“ಭಾಳ ದೊಡ್ಡ ಇಲಿ,” ಎಂದು ಅಪ್ಪ ಒಳಗೆ ಹೋದರು.

ಮರುದಿನ ಬೆಳಗ್ಗೆ ಶಾಲೆಗೆ ಹೊರಟಾಗ ಪಟ್ಟಾ ಮತ್ತೆ ಕಿರ್‍ರ್ ಎಂದಿತು. ಅಪ್ಪ ಕಟ್ಟೆಯ ಮೇಲೆ, ಎರಡೂ ಕೈಗಳನ್ನು ಕಂಕುಳಲ್ಲಿ ಗಟ್ಟಿಯಾಗಿ ಒತ್ತಿ ಹಿಡಿದುಕೊಂಡು ಕೂತಿದ್ದರು.